ಗಡಿಯಾರ ತಿದ್ದಿದ ಕೊರಡು

ಮೆಥುಸೆಲಾ ಎಂಬ ಮರವನ್ನು ನೋಡಬೇಕೆಂಬ ಒಂದೇ ಆಸೆಯಿಂದ ಹೋದವಳು ನಾನು. ಅದರ ವಯಸ್ಸು 4,800 ವರ್ಷ ದಾಟಿದೆ, ಇನ್ನೂ ಚಿಗುರುತ್ತಿದೆ. ಕ್ಯಾಲಿಫೋರ್ನಿಯಾದ ಬಿಗ್ ಪೈನ್ ಊರಿನಿಂದ ವೈಟ್ ಮೌಂಟನ್ಸ್ ಬೆಟ್ಟಸಾಲು ಹತ್ತಿ, ಹತ್ತು ಸಾವಿರ ಅಡಿ ಎತ್ತರದ ಶುಲ್ಮನ್ ತೋಪು ತಲುಪುವಷ್ಟರಲ್ಲಿ ಉಸಿರು ಸಾಲದೆ ಎರಡು ಕಡೆ ಕುಳಿತಿದ್ದೆ. ಹೋದ ಮೇಲೆ ಗೊತ್ತಾಯಿತು, ಆ ಮರ ಯಾವುದೆಂದು ಯಾರಿಗೂ ತೋರಿಸುವುದಿಲ್ಲ. ಜನರ ಕೈಯಿಂದ ಅದನ್ನು ಕಾಪಾಡಲು ಫಲಕವನ್ನೂ ಹಾಕಿಲ್ಲ.

ಮುಖ ಬಾಡಿಸಿಕೊಂಡು ನಿಂತವಳನ್ನು ಕಂಡು, ಅಲ್ಲಿನ ಮಾಹಿತಿ ಕೇಂದ್ರದ ನೆರೆಗೂದಲಿನ ಸ್ವಯಂಸೇವಕರೊಬ್ಬರು ಹಾದಿಯ ಪಕ್ಕದಲ್ಲಿ ಬಿದ್ದಿದ್ದ ಒಂದು ಕೊರಡನ್ನು ತೋರಿಸಿದರು. ಬಿಳಿಯ ಡಾಲಮೈಟ್ ನೆಲದ ಮೇಲೆ ತೊಗಟೆಯಿಲ್ಲದೆ, ಗಾಳಿಗೆ ಸವೆದು, ಹಳೆಯ ದೋಣಿಯ ಹಾಗೆ ಹೊಳೆಯುತ್ತಿತ್ತು. ನಿಂತ ಮರಕ್ಕಿಂತ ಇಂಥ ಬಿದ್ದ ಮರಗಳೇ ಜಗತ್ತಿಗೆ ಹೆಚ್ಚು ಕಲಿಸಿದವು ಎಂದರು. "ಅಮ್ಮಾ, ಅದರ ಮೇಲೆ ಕೂರಬೇಡ" ಎಂದು ಮಗಳು ಹಿಂದಿನಿಂದ ಎಚ್ಚರಿಸಿದಳು. ಕೂರಲು ಹೊರಟಿದ್ದು ನಿಜ.

ಬ್ರಿಸಲ್‌ಕೋನ್ ಪೈನ್ ಎಂಬ ಈ ಜಾತಿ ಬಹಳ ನಿಧಾನವಾಗಿ ದಪ್ಪವಾಗುತ್ತದೆ. ಒಂದು ಇಂಚಿನಲ್ಲಿ ನೂರು ಉಂಗುರ ಇರುವುದೂ ಉಂಟು. ಅಂಟು ತುಂಬಿದ ಮರ, ಒಣ ಹವೆ, ಚಳಿ; ಹಾಗಾಗಿ ಸತ್ತ ಮೇಲೂ ಸಾವಿರಾರು ವರ್ಷ ಕೊಳೆಯುವುದಿಲ್ಲ. ಎಡ್ಮಂಡ್ ಶುಲ್ಮನ್ 1950ರ ದಶಕದಲ್ಲಿ ಇಲ್ಲಿ ಮರಗಳಿಗೆ ಬೈರಿಗೆ ಹಾಕಿ, ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ ತೆಗೆದು ಉಂಗುರ ಎಣಿಸಿದವರು. ಮೆಥುಸೆಲಾ ಸಿಕ್ಕಿದ್ದು 1957ರಲ್ಲಿ. ಮರುವರ್ಷದ ಜನವರಿಯಲ್ಲಿ, 49ನೇ ವಯಸ್ಸಿಗೆ ಅವರು ತೀರಿಕೊಂಡರು. ಆ ಮರಗಳ ಬಗ್ಗೆ ಅವರು ಬರೆದ ಲೇಖನ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದದ್ದು ಮಾರ್ಚ್‌ನಲ್ಲಿ.

ಅವರ ಕೆಲಸವನ್ನು ಮುಂದುವರಿಸಿದ ಸಿ. ಡಬ್ಲ್ಯು. ಫರ್ಗುಸನ್ ಮನಸ್ಸು ಕೊಟ್ಟದ್ದು ಕೊರಡುಗಳಿಗೆ. ಬರದ ವರ್ಷ ಉಂಗುರ ಸಣ್ಣದು, ಮಳೆಯ ವರ್ಷ ದೊಡ್ಡದು. ಬದುಕಿರುವ ಮರದ ಒಳಭಾಗದ ಸಾಲು, ಸತ್ತ ಮರದ ಹೊರಭಾಗದ ಸಾಲಿಗೆ ಹೊಂದಿದರೆ ಎರಡನ್ನೂ ಜೋಡಿಸಬಹುದು. ಹೀಗೆ ಕೊರಡಿಗೆ ಕೊರಡು ಪೋಣಿಸುತ್ತ 1969ರ ಹೊತ್ತಿಗೆ ಅವರು 7,104 ವರ್ಷ ಹಿಂದಕ್ಕೆ ಹೋಗಿದ್ದರು. ಆದರೆ ಬೆಟ್ಟದಲ್ಲಿ ಸಿಕ್ಕ ತುಂಡು ಯಾವ ಸಹಸ್ರಮಾನದ್ದು? ಎಲ್ಲಿಂದ ಹೋಲಿಸಲು ಶುರುಮಾಡುವುದು? ಅಲ್ಲಿ ನೆರವಿಗೆ ಬಂದದ್ದು ಕಾರ್ಬನ್-14.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಪರಿಣಾಮವಾಗಿ ಗಾಳಿಯ ಸಾರಜನಕ ಈ ವಿಕಿರಣಶೀಲ ಇಂಗಾಲವಾಗುತ್ತದೆ. ಎಲೆ ಅದನ್ನು ಉಣ್ಣುತ್ತದೆ. ಒಂದು ಉಂಗುರ ಕಟ್ಟಿ ಮುಗಿಯಿತೆಂದರೆ ಅದಕ್ಕೆ ಹೊಸ ಇಂಗಾಲ ಸೇರದು; ಇದ್ದದ್ದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಮರ ಬದುಕಿದ್ದಾಗಲೇ ಅದರ ಚೇಗಿನ ಗಡಿಯಾರ ಓಡತೊಡಗಿರುತ್ತದೆ ಎಂಬುದು ನನ್ನನ್ನು ಬಹಳ ಹೊತ್ತು ಕಾಡಿತು. ಈ ವಿಧಾನವನ್ನು 1940ರ ದಶಕದ ಕೊನೆಯಲ್ಲಿ ರೂಪಿಸಿದ ವಿಲರ್ಡ್ ಲಿಬ್ಬಿ ಅವರಿಗೆ 1960ರಲ್ಲಿ ನೊಬೆಲ್ ಬಂತು.

ಕಾರ್ಬನ್ ಅಂದಾಜು ವಯಸ್ಸು ಹೇಳಿತು, ಉಂಗುರಗಳು ನಿಖರ ವರ್ಷ ಹೇಳಿದವು. ಆಗ ಎರಡಕ್ಕೂ ತಾಳೆಯಾಗಲಿಲ್ಲ. ಐದಾರು ಸಾವಿರ ವರ್ಷದ ಮರವನ್ನು ಕಾರ್ಬನ್ ಏಳೆಂಟು ನೂರು ವರ್ಷ ಚಿಕ್ಕದೆನ್ನುತ್ತಿತ್ತು. ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಎಂದು ಲಿಬ್ಬಿ ಹಿಡಿದಿದ್ದರು, ಅದು ಹಾಗಿರಲಿಲ್ಲ. ಫರ್ಗುಸನ್ ಕಳಿಸಿದ ಚಕ್ಕೆಗಳನ್ನು ಲಾ ಹೋಯಾದಲ್ಲಿ ಅಳೆದ ಹಾನ್ಸ್ ಸ್ಯೂಸ್, ಆ ಬಿಂದುಗಳ ನಡುವೆ ಗಣಿತವಿಲ್ಲದೆ ಕೈಯಲ್ಲೇ ಗೆರೆ ಎಳೆದು ತಿದ್ದುಪಡಿಯ ರೇಖೆ ಕೊಟ್ಟರು. ಅದರಲ್ಲಿನ ಸಣ್ಣ ಅಂಕುಡೊಂಕುಗಳನ್ನು ಹಲವರು ನಂಬಲಿಲ್ಲ. ಅಂಕುಡೊಂಕು ಇರುವುದು ನಿಜವೆಂದು ಆಮೇಲೆ ತಿಳಿಯಿತು. ಮಾಲ್ಟಾದ ಕಲ್ಲಿನ ಗುಡಿಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿರಿಯವು ಎಂದಾದದ್ದು ಈ ತಿದ್ದುಪಡಿಯಿಂದ.

ತಿದ್ದುಪಡಿ ನಮ್ಮ ಊರಿಗೂ ಬಂದಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ, ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದಾಗ ಸಿಕ್ಕ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಇದ್ದಿಲಿನ ಜೊತೆಗೆ ಸಿಕ್ಕ ಕಬ್ಬಿಣಕ್ಕೆ ಕ್ರಿ.ಪೂ. 1000ರ ಸುಮಾರಿನ ಕಾಲ ಬಂತು. ಮರದ ಉಂಗುರಗಳ ಲೆಕ್ಕ ಹಿಡಿದರೆ ಅದು ಒಂದೆರಡು ಶತಮಾನ ಇನ್ನೂ ಹಿಂದಕ್ಕೆ ಸರಿಯುತ್ತದೆ. ಇದ್ದಿಲೂ ಸತ್ತ ಮರವೇ ತಾನೆ.

ಈ ಉಂಗುರಗಳ ಲೆಕ್ಕ ಕಟ್ಟಿದ ಶುಲ್ಮನ್, ಫರ್ಗುಸನ್ ಇಬ್ಬರೂ ದುಡಿದದ್ದು ಅರಿಜೋನಾ ವಿಶ್ವವಿದ್ಯಾಲಯದ ಟ್ರೀ ರಿಂಗ್ ಪ್ರಯೋಗಾಲಯದಲ್ಲಿ. ಖಗೋಳ ವಿಜ್ಞಾನಿ ಎ. ಇ. ಡಗ್ಲಸ್ 1937ರಲ್ಲಿ ಅದನ್ನು ಕಟ್ಟಿದಾಗ, ತಾತ್ಕಾಲಿಕವೆಂದು ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಜಾಗ ಕೊಟ್ಟಿದ್ದರಂತೆ. ಸ್ವಂತ ಕಟ್ಟಡ ಸಿಕ್ಕಿದ್ದು 2013ರಲ್ಲಿ. ಇಪ್ಪತ್ತು ಲಕ್ಷದಷ್ಟು ಮರದ ತುಂಡುಗಳು ಅಲ್ಲಿವೆ.

ಬೆಟ್ಟದಲ್ಲಿ ಮಾತ್ರ ನೆಮ್ಮದಿಯಿಲ್ಲ. ಡೆತ್ ವ್ಯಾಲಿಯ ಟೆಲಿಸ್ಕೋಪ್ ಶಿಖರದಲ್ಲಿ ಬರ ಮತ್ತು ತೊಗಟೆ ಕೊರೆಯುವ ದುಂಬಿ ಸೇರಿ ಇದೇ ಜಾತಿಯ ಮರಗಳನ್ನು ಕೊಂದಿವೆ. ಕಾರ್ಬನ್ ಗಡಿಯಾರಕ್ಕೂ ನೆಮ್ಮದಿಯಿಲ್ಲ. ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಲ್ಲಿ ಕಾರ್ಬನ್-14 ಇಲ್ಲದ ಕಾರಣ ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತಿದೆ; ಸ್ಯೂಸ್ ಅದನ್ನೂ ಮರದ ಉಂಗುರಗಳಲ್ಲೇ ಕಂಡಿದ್ದರು. ಹೀಗೇ ಸಾಗಿದರೆ ಹೊಸ ಮರವೂ ಹಳತೆಂದು ತೋರುವ ಕಾಲ ಬರುತ್ತದೆ.

ಇಳಿಯುವಾಗ ನನಗೆ ನೆನಪಾದದ್ದು ಅಜ್ಜನ ಮನೆ. ಅದನ್ನು ಕೆಡವಿದಾಗ ತೇಗದ ತೊಲೆಗಳನ್ನೆಲ್ಲ ಮಾರಿದ್ದರು. ಮಾವು, ಹಲಸಿನಂತಲ್ಲದೆ ತೇಗಕ್ಕೆ ವರ್ಷದ ಉಂಗುರ ಸ್ಪಷ್ಟ. ಮಲೆನಾಡಿನಲ್ಲಿ ಮನೆ ಕೆಡವುವವರು ತೊಲೆ ಮಾರುವ ಮುನ್ನ, ಆ ಉಂಗುರಗಳನ್ನು ಉಳಿಸಲು, ಒಂದು ಬಿಲ್ಲೆ ಕೊಯ್ದಿಟ್ಟರೂ ಸಾಕಿತ್ತು. ಊರಿಗೆ ಬಂದವಳೇ ಹಿತ್ತಿಲಲ್ಲಿ ಉಳಿದಿದ್ದ ಒಂದು ತುಂಡಿನ ತುದಿಯನ್ನು ಮರಳು ಕಾಗದದಿಂದ ಉಜ್ಜಿ, ನೀರು ಸವರಿ, ಗುಂಡುಸೂಜಿ ಹಿಡಿದು ಎಣಿಸಿದೆ. ನೂರ ಹನ್ನೊಂದರವರೆಗೆ ಬಂದೆ. ಅಲ್ಲಿಂದಾಚೆಗೆ ಏನೂ ಇರಲಿಲ್ಲ. ತೊಲೆ ಚೌಕವಾಗಲೆಂದು ಆಚಾರಿ ಹೊರಗಿನ ಬಿಳಿ ಭಾಗವನ್ನು ಕೆತ್ತಿ ಹಾಕಿದ್ದ. ಮರ ಕಡಿದ ವರ್ಷದ ಉಂಗುರ ಅದರ ಜೊತೆಗೇ ಹೋಗಿತ್ತು.