ನಾರ್ಮಲ್ಲಾ, ಸಿಜೇರಿಯನ್ನಾ?

ಬಾಣಂತಿ ನೋಡೋಕೆ ಬಂದವರ ಮೊದಲ ಪ್ರಶ್ನೆ ಇದೇ. ಸಿಜೇರಿಯನ್ ಅಂದ ಕೂಡಲೇ, "ಸದ್ಯ, ನೋವು ತಿನ್ನಲಿಲ್ಲ ಬಿಡು" ಅಂತಾರೆ.

ತಿನ್ನಲಿಲ್ವಾ? ಬೆನ್ನಿಗೆ ಇಂಜೆಕ್ಷನ್. ಚರ್ಮ, ಕೊಬ್ಬು, ಪೊರೆ ದಾಟಿ, ಗರ್ಭಕೋಶ ಕೊಯ್ದು ಮಗು ತೆಗೀತಾರೆ. ಮಾರನೇ ದಿನ ಕೆಮ್ಮು ಬಂದ್ರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಂಡೇ ಕೆಮ್ಮಬೇಕು. ಆ ಹಸಿ ಹೊಲಿಗೆ ಇಟ್ಕೊಂಡೇ ಮಗೂಗೆ ಹಾಲು ಕೊಡಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಜೇರಿಯನ್. ಜಾಸ್ತಿ ಆಯ್ತು ಅನ್ಸುತ್ತಾ? ಆಸ್ಪತ್ರೆಯವರನ್ನ ಕೇಳಿ, ಹಾಸಿಗೆ ಮೇಲಿರೋ ಬಾಣಂತಿನಲ್ಲ.

ಕೆಲವು ತಾಯಂದಿರಿಗೆ "ನಾನು ಹೆತ್ತೆ" ಅನ್ನೋಕೇ ನಾಲಿಗೆ ತಡವರಿಸುತ್ತೆ. ಇನ್ನು ಕೆಲವರು ನಗ್ತಾ ಅಂತಾರೆ: "ಹೆತ್ತಿದ್ದು ನಾನೇ ಕಣೇ, ಬಾಗಿಲು ಬೇರೆ ಅಷ್ಟೇ!"