ದೇವಿ ಕಾಯ್ದ ಕಲ್ಲು: ಭೀಮೆಯ ಸನ್ನತಿ, ನೇಪಾಳದ ಲುಂಬಿನಿ

ಅಫಜಲಪುರ ಸೀಮೆಯವರಿಗೆ ಯಾತ್ರೆ ಹೊಸದಲ್ಲ. ಹುಣ್ಣಿಮೆ ಬಂದರೆ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮಾ–ಅಮರ್ಜಾ ನೀರಿಗಿಳಿಯುವವರ ಸಾಲು. ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತವರು ಬೇರೆ, ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹೋಗುವವರು ಬೇರೆ. ತೊಗರಿ ಮಾರಿ ಕೈಯಲ್ಲಿ ನಾಲ್ಕು ದುಡ್ಡು ಉಳಿದ ವರ್ಷ ದೂರದ ಯಾತ್ರೆಯ ಮಾತು ಹೊರಡುತ್ತದೆ: ಕಾಶಿ, ಗಯಾ, ಅಲ್ಲಿಂದ ಗಡಿ ದಾಟಿ ನೇಪಾಳ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆಗೆ ನಿಂತ ಭಟ್ಟರು ಕರ್ನಾಟಕದ ಕಡೆಯವರೆಂದು ತಿಳಿದು ಹಿಗ್ಗುತ್ತೇವೆ. ಲುಂಬಿನಿಯಲ್ಲಿ ಅಶೋಕನ ಕಂಬದ ಮುಂದೆ ಫೋಟೊ ತೆಗೆಸಿಕೊಂಡು ಊರಿಗೆ ಬರುತ್ತೇವೆ.

ಆ ಕಂಬ ನಿಲ್ಲಿಸಿದ ಅರಸನ ಮುಖ ನಮ್ಮ ಭೀಮೆಯ ದಂಡೆಯಲ್ಲೇ ಕಲ್ಲಿನಲ್ಲಿದೆ. ಅದನ್ನು ನೋಡಿ ಬಂದವರು ನಮ್ಮಲ್ಲಿ ಎಷ್ಟು ಮಂದಿ?

ಗಾಣಗಾಪುರ ಬಿಟ್ಟು ಹೊಳೆಯ ಗುಂಟ ಕೆಳಗೆ ಹೋದರೆ ಜೇವರ್ಗಿ ಸೀಮೆ ಬರುತ್ತದೆ. ಹೊನಗುಂಟಿಯ ಹತ್ತಿರ ಕಾಗಿಣಾ ಬಂದು ಕೂಡುತ್ತದೆ. ಅದರ ಕೆಳಗೆ, ಎಡದಂಡೆಯ ಮೇಲೆ, ಚಿತ್ತಾಪುರ ತಾಲ್ಲೂಕಿನ ಸನ್ನತಿ. ಬಹಳ ಮನೆತನಗಳಿಗೆ ಇದು ಚಂದ್ರಲಾಂಬೆಯ ಊರು. ಮಹಾರಾಷ್ಟ್ರದಿಂದಲೂ ಮನೆದೇವರೆಂದು ನಡೆದುಕೊಳ್ಳುವವರು ಬರುತ್ತಾರೆ. ದುಷ್ಟ ರಾಜನ ಮೇಲೆ ದೇವಿ ದುಂಬಿಗಳನ್ನು ಬಿಟ್ಟು ಸತಿಯೊಬ್ಬಳನ್ನು ಕಾಪಾಡಿದ ಕತೆಯನ್ನು ಇಲ್ಲಿ ಹೇಳುತ್ತಾರೆ.

1986ರಲ್ಲಿ ಇದೇ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅವಶೇಷ ತೆಗೆಯುವಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರ ಕಂಡವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಬರೆಸಿದವನು ಅಶೋಕ. ಕಲ್ಲಿನ ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನ, ಇನ್ನೊಂದು ಮೈಯಲ್ಲಿ ಎರಡು ‘ಪ್ರತ್ಯೇಕ ಶಾಸನ’ಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ, ಅಂದರೆ ಯುದ್ಧ ನಡೆದ ಕಳಿಂಗ ನೆಲದಲ್ಲಿ ಮಾತ್ರ ಸಿಕ್ಕಿದ್ದವು.

ಕಲ್ಲಿನ ನಡುವೆ ಒಂದು ಚೌಕ ತೂತಿದೆ. ಮೂರ್ತಿಯ ಬುಡ ಕೂಡಿಸಲು ಯಾವ ಕಾಲದಲ್ಲೋ ಯಾರೋ ಕೊರೆದದ್ದು. ತೂತಿನ ಜಾಗದ ಅಕ್ಷರಗಳು ಹೋದವು. ಕೊರೆದವನಿಗೆ ಆ ಗೀಟುಗಳು ಅಕ್ಷರವೆಂದು ಗೊತ್ತಿರಲಿಕ್ಕಿಲ್ಲ. ಅಷ್ಟೊತ್ತಿಗೆ ಬ್ರಾಹ್ಮಿ ಓದುವವರೇ ಉಳಿದಿರಲಿಲ್ಲ. ಆದರೆ ಅದೇ ಕಲ್ಲು ಬಯಲಲ್ಲಿ ಬಿದ್ದಿದ್ದರೆ ಯಾರದೋ ಮನೆಯ ಮೆಟ್ಟಿಲಾಗುತ್ತಿತ್ತು, ಇಲ್ಲವೆ ಬಾವಿಗಟ್ಟೆಯಾಗುತ್ತಿತ್ತು. ದೇವಿಯ ಪಾದದಡಿ ಇದ್ದದ್ದಕ್ಕೆ ಅದನ್ನು ಯಾರೂ ಮುಟ್ಟಲಿಲ್ಲ.

ಹನ್ನೆರಡನೆಯ ಶಾಸನದ ತಿರುಳು ಇಷ್ಟು: ತನ್ನ ಮತವನ್ನು ಹೊಗಳಲು ಹೋಗಿ ಪರರ ಮತವನ್ನು ಹಳಿಯಬೇಡ, ಹಳಿದರೆ ಕೆಡುವುದು ನಿನ್ನದೇ ಮತ. ಪ್ರತ್ಯೇಕ ಶಾಸನಗಳ ಮಾತು ಅಧಿಕಾರಿಗಳಿಗೆ: ಜನರೆಲ್ಲ ನನಗೆ ಮಕ್ಕಳಿದ್ದ ಹಾಗೆ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ತಳ್ಳಬೇಡಿ. ಗಾಣಗಾಪುರದ ದತ್ತನ ಪಾದುಕೆಯೂ ಸೂಫಿಗಳ ದರ್ಗಾವೂ ಒಂದೇ ಸೀಮೆಯಲ್ಲಿರುವ ನಮಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸನ್ನತಿಗೆ ಅಂಟಿಕೊಂಡಂತೆಯೇ ಕನಗನಹಳ್ಳಿ ಇದೆ. ಇಲ್ಲಿನ ದಿಬ್ಬವನ್ನು 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಮಹಾಸ್ತೂಪವೊಂದು ಹೊರಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸ್ತೂಪದ ಮೈಗೆ ಹೊದಿಸಿದ್ದ ಚಪ್ಪಡಿಗಳು ನಮ್ಮ ಭೀಮಾ ಸೀಮೆಯ ಸುಣ್ಣದಕಲ್ಲಿನವು. ನಾವು ಮನೆಗೆ ಹಾಸುವ ಶಹಾಬಾದ ಫರಸಿಯ ಬಳಗದ್ದೇ ಕಲ್ಲು. ಅದರ ಮೇಲೆ ಬುದ್ಧನ ಬದುಕು, ಜಾತಕ ಕತೆಗಳು, ಆನೆ, ಕುದುರೆ, ಕಮಲ ಎಲ್ಲ ಮೂಡಿವೆ.

ಅದರಲ್ಲೊಂದು ಚಪ್ಪಡಿಯ ಮುಂದೆ ನಿಂತು ನೋಡಬೇಕು. ರಾಜ, ಪಕ್ಕದಲ್ಲಿ ರಾಣಿ, ಕೊಡೆ–ಚಾಮರ ಹಿಡಿದ ಸೇವಕಿಯರು. ಅಲ್ಲೇ ಬ್ರಾಹ್ಮಿಯಲ್ಲಿ ಎರಡೇ ಪದ: ‘ರಾಯ ಅಸೋಕೊ’. ಸಾಂಚಿಯಲ್ಲೂ ಅಶೋಕನದೆಂದು ವಿದ್ವಾಂಸರು ಗುರುತಿಸಿದ ಶಿಲ್ಪವಿದೆ, ಆದರೆ ಅದರಲ್ಲಿ ಹೆಸರಿಲ್ಲ. ಹೆಸರು ಬರೆದು ತೋರಿಸಿದ ಶಿಲ್ಪ ಇಲ್ಲಿಯದು. ಇದನ್ನು ಕಡೆದದ್ದು ಅಶೋಕ ತೀರಿಕೊಂಡು ತಲೆಮಾರುಗಳು ಕಳೆದ ಮೇಲೆ. ಹಾಗಾಗಿ ಇದು ಅವನನ್ನು ಕಣ್ಣಾರೆ ಕಂಡು ಬಿಡಿಸಿದ ಮುಖವಲ್ಲ. ಭೀಮಾ ದಂಡೆಯ ಶಿಲ್ಪಿಯ ಮನಸ್ಸಿನಲ್ಲಿ ಉಳಿದ ಅಶೋಕ. ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ, ಉಳಿದ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನೇ ಅಶೋಕ ಎಂಬುದು ಗಟ್ಟಿಯಾಯಿತು. ಹೆಸರು ಅಲ್ಲಿ ಸಿಕ್ಕರೆ ರೂಪ ಇಲ್ಲಿ ಸಿಕ್ಕಿತು.

ಸಾತವಾಹನ ಅರಸರೂ ಇಲ್ಲಿ ಹೆಸರಿನೊಂದಿಗೆ ನಿಂತಿದ್ದಾರೆ. ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆಂದು ಒಂದು ಶಿಲ್ಪದ ಕೆಳಗೆ ಬರೆದಿದೆ. ಪುಳುಮಾವಿ ಉಜ್ಜಯಿನಿಯನ್ನು ಕೊಡುತ್ತಿದ್ದಾನೆಂದು ಇನ್ನೊಂದರಲ್ಲಿದೆ. ಕಲ್ಲು ಕೊಡಿಸಿದ ಗೃಹಸ್ಥರು, ಭಿಕ್ಷು–ಭಿಕ್ಷುಣಿಯರ ಹೆಸರುಗಳೂ ಇವೆ. ಇಂದು ಗುಡಿಯ ಫರಸಿಯ ಮೇಲೆ ಹೆಸರು ಕೆತ್ತಿಸುವ ಭಕ್ತರ ರೂಢಿ ಇವತ್ತಿನದಲ್ಲ.

ಈಗ ಲುಂಬಿನಿಗೆ ಬನ್ನಿ. ಅಲ್ಲಿನ ಕಂಬದ ಶಾಸನ 1896ರಲ್ಲಿ ಬೆಳಕಿಗೆ ಬಂತು. ಇರುವುದು ಐದೇ ಸಾಲು: ಪಟ್ಟವೇರಿದ ಇಪ್ಪತ್ತನೆಯ ವರ್ಷ ಅಶೋಕ ತಾನೇ ಬಂದು ಪೂಜಿಸಿದ್ದು, ಶಾಕ್ಯಮುನಿ ಹುಟ್ಟಿದ ಊರೆಂದು ತೆರಿಗೆ ಇಳಿಸಿದ್ದು. ಆ ಕಂಬ ಸಿಗುವ ಮುಂಚೆ ಆ ಜಾಗ ಸುತ್ತಲಿನ ಹಳ್ಳಿಯವರಿಗೆ ರುಮ್ಮಿನ್‌ದೇಯಿ. ಬುದ್ಧನ ತಾಯಿ ಮಾಯಾದೇವಿಯ ಸವೆದ ಶಿಲ್ಪವನ್ನು ಅವರು ತಮ್ಮ ಊರದೇವಿಯೆಂದೇ ಪೂಜಿಸುತ್ತಿದ್ದರು. ಬುದ್ಧನನ್ನು ಮರೆತ ನೆಲದಲ್ಲೂ ‘ಲುಂಬಿನಿ’ಯ ಸದ್ದು ಆ ದೇವಿಯ ಹೆಸರಿನಲ್ಲಿ ಉಳಿದಿತ್ತು. ಸನ್ನತಿಯಲ್ಲಿ ಕಾಳಿ ಮಾಡಿದ ಕೆಲಸವನ್ನೇ ಅಲ್ಲಿ ರುಮ್ಮಿನ್‌ದೇಯಿ ಮಾಡಿದಳು.

ಅನಂತರದ ಕತೆ ಮಾತ್ರ ಎರಡೂ ಕಡೆ ಒಂದೇ ಅಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್ 1967ರಲ್ಲಿ ಲುಂಬಿನಿಗೆ ಬಂದು ಹೋದ ಮೇಲೆ ಜಗತ್ತು ಅತ್ತ ತಿರುಗಿತು. ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಾಂಗೆ ಮಾಡಿಕೊಟ್ಟ ನಕ್ಷೆಗೆ 1978ರಲ್ಲಿ ಒಪ್ಪಿಗೆ ಸಿಕ್ಕಿತು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನೇಪಾಳದಲ್ಲಿ ಆ ಪಟ್ಟಿಗೆ ಸೇರಿದ ತಾಣ ನಾಲ್ಕು: ಕಾಠ್ಮಂಡು ಕಣಿವೆ, ಎವರೆಸ್ಟ್ ಇರುವ ಸಾಗರಮಾಥಾ, ಘೇಂಡಾಮೃಗಗಳ ಚಿತ್ವನ್ ಕಾಡು, ಲುಂಬಿನಿ. 2015ರ ಏಪ್ರಿಲ್ ಭೂಕಂಪದಲ್ಲಿ ಕಾಠ್ಮಂಡು ಕಣಿವೆಯ ಎಷ್ಟೋ ಗುಡಿಗಳು ನೆಲಕಚ್ಚಿದವು. ಅಲ್ಲಿಯ ಬಡಗಿಗಳೂ ಕಲ್ಲುಕುಟಿಗರೂ ಹಳೆಯ ಮರ, ಹಳೆಯ ಇಟ್ಟಿಗೆ ಆಯ್ದು ಹಲವನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಕನಗನಹಳ್ಳಿಯ ಕಲ್ಲುಗಳು ಅಗೆದು ತೆಗೆದ ಮೇಲೂ ವರ್ಷಗಟ್ಟಲೆ ನೆಲದ ಮೇಲೆ ಅಂಗಾತ ಮಲಗಿದ್ದವು. ಅವನ್ನು ಜೋಡಿಸುವ ಕೆಲಸಕ್ಕೆ ಇಲಾಖೆ ಕೈ ಹಾಕಿದ್ದು ತೀರ ಇತ್ತೀಚೆಗೆ. ಸಂರಕ್ಷಿತ ಸ್ಮಾರಕಗಳಿಗಿರುವ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ, ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಮುಂದಿನ 200 ಮೀಟರಿನಲ್ಲಿ ಅನುಮತಿ ಬೇಕು. ಊರ ನಡುವೆಯೇ ಸ್ಮಾರಕ ಇರುವಾಗ ಈ ನಿಯಮ ಊರವರಿಗೆ ಭಾರ, ಸುಳ್ಳಲ್ಲ. ಆ ಭಾರ ಹೊತ್ತವರಿಗೆ ನಾಲ್ಕು ಅಂಗಡಿ, ಒಂದು ಖಾನಾವಳಿ, ಕತೆ ಹೇಳಿ ತಿರುಗಿಸುವ ಕೆಲಸ ಸಿಗಬೇಕಾದರೆ ಅಲ್ಲಿಗೆ ಜನ ಹೋಗಬೇಕು.

ಹೋಗುವುದು ಕಷ್ಟವಲ್ಲ. ರೈಲಿನವರಿಗೆ ಹತ್ತಿರದ ನಿಲ್ದಾಣ ನಾಲವಾರ. ಅಫಜಲಪುರದವರು ಕಲಬುರಗಿ ಮೇಲೆ ಹೋಗಬಹುದು. ಬೇಸಿಗೆಯಲ್ಲಾದರೆ ಬೆಳಿಗ್ಗೆ ಬೇಗ ತಲುಪಬೇಕು, ಆಮೇಲೆ ಫರಸಿ ಕಾಯುತ್ತದೆ. ಬುತ್ತಿ, ನೀರು ಕಟ್ಟಿಕೊಂಡೇ ಹೊರಡಿ. ಮೊದಲು ಚಂದ್ರಲಾಂಬೆಗೆ ಕಾಯಿ ಒಡೆಸಿ, ಆಮೇಲೆ ಕನಗನಹಳ್ಳಿಗೆ ನಡೆಯಿರಿ. ಶಿಲ್ಪಗಳಿಗೆ ಎಣ್ಣೆ, ಕುಂಕುಮ ಹಚ್ಚಬೇಡಿ. ಸುಣ್ಣದಕಲ್ಲು ಮೆದು, ಹಚ್ಚಿದ್ದು ಒಳಗಿಳಿಯುತ್ತದೆ. ಮಕ್ಕಳನ್ನು ಕರೆದೊಯ್ಯಿರಿ. ಪುಸ್ತಕದಲ್ಲಿ ಕಲಿತ ಅಶೋಕ ತಮ್ಮ ಹೊಳೆಯ ದಂಡೆಯಲ್ಲೇ ಇದ್ದಾನೆಂದು ಅವರಿಗೆ ತೋರಿಸಿ. ಲುಂಬಿನಿಗೆ ಆಮೇಲೆ ಹೋದರಾಯಿತು.