ಮಧುಮೇಹದಲ್ಲಿ ಮೂಳೆ ಕೂಡುವ ಬಗೆ: ಜೀವಕೋಶಗಳ ನೆಲೆಯಿಂದ

ಚರ್ಮದ ಗಾಯ ಕಲೆಯುಳಿಸಿ ಮಾಯುತ್ತದೆ. ಮುರಿದ ಮೂಳೆಯಾದರೋ ಮೂಳೆಯಾಗಿಯೇ ಮರಳಿ ಬೆಳೆಯುತ್ತದೆ. ಮಧುಮೇಹಿಗಳಲ್ಲಿ ಈ ಕ್ರಿಯೆ ತಡವಾಗುವುದುಂಟು. ಮುರಿತ ಕೂಡದೆಯೇ ಉಳಿಯುವುದೂ ಉಂಟು. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂಬ ಮಾತಷ್ಟೇ ಇದಕ್ಕೆ ಉತ್ತರವಾಗಲಾರದು. ಮುರಿತದ ಸ್ಥಳದಲ್ಲಿ ಕಟ್ಟುವ ಮತ್ತು ಕೆಡಹುವ ಜೀವಕೋಶಗಳ ಹೊಂದಾಣಿಕೆ ಹೇಗೆ ತಪ್ಪುತ್ತದೆ ಎಂಬುದನ್ನು ಅರಿಯಬೇಕಾಗುತ್ತದೆ.

ಮೂಳೆ ಮುರಿದೊಡನೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಉರಿಯೂತ ಆರಂಭವಾಗುತ್ತದೆ. ಕೆಲವೇ ದಿನಗಳಲ್ಲಿ ಅದು ತಗ್ಗುತ್ತದೆ. ಆಗ ಆಕರಕೋಶಗಳು ಮೃದ್ವಸ್ಥಿ ಕೋಶಗಳಾಗಿ ಮಾರ್ಪಟ್ಟು, ಮುರಿದ ತುದಿಗಳ ನಡುವೆ ಮೆದುವಾದ ಸೇತುವೆಯೊಂದನ್ನು ಕಟ್ಟುತ್ತವೆ. ಇದೇ ಕ್ಯಾಲಸ್. ಅನಂತರ ಆಸ್ಟಿಯೊಕ್ಲಾಸ್ಟ್‌ ಎಂಬ ಕೋಶಗಳು ಈ ಮೃದ್ವಸ್ಥಿಯನ್ನು ಹಂತಹಂತವಾಗಿ ಕರಗಿಸುತ್ತವೆ. ಹೊಸ ರಕ್ತನಾಳಗಳೊಡನೆ ಬಂದ ಆಸ್ಟಿಯೊಬ್ಲಾಸ್ಟ್‌ ಕೋಶಗಳು ಆ ಜಾಗದಲ್ಲಿ ಮೂಳೆಯನ್ನು ರಚಿಸುತ್ತವೆ.

ಮಧುಮೇಹದಲ್ಲಿ ಉರಿಯೂತವು ಸಕಾಲಕ್ಕೆ ಶಮನವಾಗುವುದಿಲ್ಲ. ಟಿ.ಎನ್.ಎಫ್.-ಆಲ್ಫಾ ಎಂಬ ಪ್ರೋಟೀನಿನ ಪ್ರಮಾಣ ಏರಿಯೇ ಇರುತ್ತದೆ. ಮಧುಮೇಹವಿರುವ ಸುಂಡಿಲಿಗಳ ಮೇಲಿನ ಪ್ರಯೋಗಗಳಲ್ಲಿ ಮೃದ್ವಸ್ಥಿ ಕೋಶಗಳು ಹೆಚ್ಚಾಗಿ ಸಾಯುವುದೂ ಆಸ್ಟಿಯೊಕ್ಲಾಸ್ಟ್‌ಗಳ ಸಂಖ್ಯೆ ಹೆಚ್ಚುವುದೂ ಕಂಡುಬಂದಿವೆ. ಹೀಗೆ ಹೊಸ ಮೂಳೆ ಸಿದ್ಧವಾಗುವ ಮೊದಲೇ ಸೇತುವೆ ಕರಗಿಹೋಗುತ್ತದೆ. ಇನ್ಸುಲಿನ್ ನೀಡಿದಾಗ ಅಥವಾ ಟಿ.ಎನ್.ಎಫ್. ಅನ್ನು ತಡೆದಾಗ ಈ ನಷ್ಟ ತಗ್ಗಿತು. ಕಟ್ಟುವ ಕೆಲಸ ಕುಂದುವುದಷ್ಟೇ ಅಲ್ಲ, ಕೆಡಹುವ ಕೆಲಸ ಅವಸರಗೊಳ್ಳುವುದೂ ಇಲ್ಲಿನ ದೋಷವೆಂಬುದು ಇದರಿಂದ ಸ್ಪಷ್ಟ.

ಇದರೊಡನೆ ಸಕ್ಕರೆಯ ಅಣುಗಳು ಮೂಳೆಯ ಕೊಲ್ಯಾಜನ್ ಎಳೆಗಳಿಗೆ ಅಂಟಿ, ಅವನ್ನು ಪರಸ್ಪರ ಬಿಗಿದು ಪೆಡಸಾಗಿಸುತ್ತವೆ. ಒಂದನೆಯ ಬಗೆಯ ಮಧುಮೇಹದಲ್ಲಿ ಮೂಳೆಯ ಸಾಂದ್ರತೆಯೇ ಕುಗ್ಗುವುದುಂಟು. ಎರಡನೆಯ ಬಗೆಯಲ್ಲಿ ಸಾಂದ್ರತೆ ಸಹಜವಾಗಿ, ಕೆಲವೊಮ್ಮೆ ಅಧಿಕವಾಗಿಯೇ ಇದ್ದರೂ ಮುರಿತದ ಸಂಭವ ಹೆಚ್ಚು. ಆದ್ದರಿಂದ ಸಾಂದ್ರತೆಯ ಪರೀಕ್ಷೆಯೊಂದನ್ನೇ ನಂಬಿದರೆ ರೋಗಿಯ ಅಪಾಯ ಮರೆಯಾಗಬಹುದು.

ಔಷಧದ ಆಯ್ಕೆಯೂ ಇಲ್ಲಿ ಮುಖ್ಯ. ಪಯೊಗ್ಲಿಟಜೋನ್ ವರ್ಗದ ಮಾತ್ರೆಗಳು ಸಕ್ಕರೆಯನ್ನು ಇಳಿಸುತ್ತವೆಯಾದರೂ, ಅಸ್ಥಿಮಜ್ಜೆಯ ಆಕರಕೋಶಗಳನ್ನು ಮೂಳೆ ಕಟ್ಟುವ ದಾರಿಯಿಂದ ಕೊಬ್ಬಿನ ಕೋಶಗಳಾಗುವ ದಾರಿಗೆ ತಿರುಗಿಸುತ್ತವೆ. ಇವನ್ನು ಸೇವಿಸುವ ಮಹಿಳೆಯರಲ್ಲಿ ಮುರಿತಗಳು ಹೆಚ್ಚೆಂಬುದು ದೃಢಪಟ್ಟಿದೆ.

ಆದಕಾರಣ ಮಧುಮೇಹಿಯ ಮುರಿತಕ್ಕೆ ಪಟ್ಟಿ ಕಟ್ಟಿದಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಪಟ್ಟಿಯು ಮೂಳೆಯ ತುದಿಗಳನ್ನು ಹಿಡಿದಿಡಬಲ್ಲುದು. ಅವುಗಳ ನಡುವಣ ಮೆದು ಸೇತುವೆ ಅಕಾಲದಲ್ಲಿ ಕರಗದಂತೆ ಕಾಯುವುದರಲ್ಲಿ ಸಕ್ಕರೆಯ ಹತೋಟಿಗೂ ಪಾಲಿದೆ. ಮೂಳೆವೈದ್ಯರೂ ಮಧುಮೇಹ ತಜ್ಞರೂ ರೋಗಿಯನ್ನು ಕೂಡಿಯೇ ನೋಡಬೇಕಾದುದು ಈ ಕಾರಣದಿಂದ.